ಗುರುವಾರದ ಸೇವೆ

ನರ್ಸಮ್ಮ ನಿವೃತ್ತಳಾದಾಗ ಗಂಡ ಹಾಸಿಗೆ ಹಿಡಿದಿದ್ದ. ಹಾಗಾಗಿ ಕೆಲಸ ಬಿಟ್ಟೆನೆಂದು ಅವಳಿಗೆ ಅನ್ನಿಸಲೇ ಇಲ್ಲ. ಆತ ತೀರಿಕೊಂಡ ಮೇಲೆ ಮನೆ ರೋಗಿಯಿಲ್ಲದ ವಾರ್ಡಿನಂತಾಯಿತು. ಬೆಳಿಗ್ಗೆ ಎದ್ದು ಹಾಸಿಗೆಯ ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲೇ ಬಿಗಿಯಾಗಿ ಮಡಚಿ ಸಿಕ್ಕಿಸುವಳು. ಆಮೇಲೆ ಕಿಟಕಿಯ ಬಳಿ ನಿಂತು, ಬೀದಿಯಲ್ಲಿ ಹೋಗುವವರ ನಡಿಗೆ ನೋಡುತ್ತ ಯಾರಿಗೆ ಮಂಡಿ ನೋವು, ಯಾರಿಗೆ ಸೊಂಟ ಹಿಡಿದಿದೆ ಎಂದು ತನ್ನಲ್ಲೇ ಹೇಳಿಕೊಳ್ಳುವಳು.

ಮಹಡಿಯ ಮೇಲೆ ಅವಳ ತಂಗಿಯ ಸಂಸಾರ. ತಂಗಿ ಕೆಳಬೀದಿಯ ಸೇವಾ ಕ್ಲಬ್ಬಿನ ಸದಸ್ಯೆ. "ನಮ್ಮ ಕ್ಲಬ್ಬಿಗೆ ಸೇರ್ಕೊ ಅಕ್ಕಾ, ಹೊತ್ತು ಹೋಗುತ್ತೆ" ಎಂದು ಎಷ್ಟೋ ಸಲ ಕರೆದಿದ್ದಳು. ಜಡೆ ಹೆಣೆದು ಶಾಲೆಗೆ ಕಳಿಸಿದ ತಂಗಿಯ ಕೈಕೆಳಗೆ ಕೆಲಸ ಮಾಡುವುದೇ? ನರ್ಸಮ್ಮ ನೇರವಾಗಿ ಹೋಗಿ ಮೇಲ್ಬೀದಿಯ ಕ್ಲಬ್ಬಿಗೆ ಸೇರಿದಳು.

ಎರಡು ಕ್ಲಬ್ಬುಗಳದ್ದೂ ಎಣ್ಣೆ ಸೀಗೇಕಾಯಿ ಸಂಬಂಧ. ಉದ್ಯಾನದ ಅಂಚಿನಲ್ಲಿ ಇವರು ಸಸಿ ನೆಟ್ಟು ಬಂದರೆ, ಮುಂದಿನ ಭಾನುವಾರ ಅವರು ಬಂದು ಅದೇ ಜಾಗದಲ್ಲಿ ಬೆಂಚು ಹಾಕಿದರು. ಇಬ್ಬರದ್ದೂ ಒಳ್ಳೆಯ ಕೆಲಸವೇ ಆದ್ದರಿಂದ ಜಗಳವಾಡಲೂ ಯಾರಿಗೂ ಬಾಯಿ ಬರಲಿಲ್ಲ. ಕಿತ್ತ ಸಸಿಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು ಹೋಗಿದ್ದರು.

ಆ ವರ್ಷದ ಸೇವಾ ಕಾರ್ಯಗಳಲ್ಲಿ ನರ್ಸಮ್ಮನದ್ದು ಯಾವುದೂ ಹಳಿಗೆ ಬರಲಿಲ್ಲ. ರಕ್ತದಾನ ಶಿಬಿರದಲ್ಲಿ, ನರ ಸಿಗದೆ ತಡಕಾಡುತ್ತಿದ್ದ ಎಳೆ ಡಾಕ್ಟರನ್ನು ಎಲ್ಲರ ಎದುರಿಗೆ ಗದರಿಬಿಟ್ಟಳು. ಶಾಲೆಗೆ ಬಣ್ಣ ಹೊಡೆಯುವ ದಿನ, ಮೊದಲು ಗೋಡೆಯನ್ನು ಫಿನಾಯಿಲಿನಿಂದ ತೊಳೆಯಬೇಕೆಂದು ಹಟ ಹಿಡಿದಳು. ತೊಳೆದೂ ತೊಳೆದರು. ಗೋಡೆ ಒಣಗುವವರೆಗೆ ಎಲ್ಲರೂ ಬ್ರಷ್ಷು ಹಿಡಿದುಕೊಂಡು ಕೂತರು, ಸಂಜೆ ಹಾಗೇ ಎದ್ದು ಹೋದರು. ಕ್ಲಬ್ಬಿನ ಅಧ್ಯಕ್ಷೆಗೆ ಸ್ವಂತ ಬೇಕರಿಯಿತ್ತು. ಎಲ್ಲರೂ ಬೇಕರಿಯಮ್ಮ ಎನ್ನುತ್ತಿದ್ದರು. ಆಕೆ ಒಂದು ದಿನ ನರ್ಸಮ್ಮನನ್ನು ಪಕ್ಕಕ್ಕೆ ಕರೆದಳು.

"ನಿಮಗೆ ಹೇಳಿ ಮಾಡಿಸಿದಂಥ ಕೆಲಸ ಬಂದಿದೆ ನರ್ಸಮ್ಮ. ಲಿಫ್ಟ್ ಮೆಕ್ಯಾನಿಕ್ ಒಬ್ಬರಿದ್ದಾರೆ. ರಿಟೈರಾಗಿದೆ, ಹೆಂಡ್ತಿ ಇಲ್ಲ, ಮನೇಲಿ ಒಬ್ರೇ. ಪ್ರತಿ ಗುರುವಾರ ಹೋಗಿ ಸ್ವಲ್ಪ ಹೊತ್ತು ಕೂತು ಬಂದ್ರೆ ಸಾಕು."

"ಕಾಯಿಲೆ ಏನಾದ್ರೂ?"

"ಹಾಗೇನಿಲ್ಲ."

"ನೋಡೋಣ ಬಿಡಿ" ಎಂದಳು ನರ್ಸಮ್ಮ. ಹುಡುಕಿದರೆ ಏನಾದರೊಂದು ಸಿಗದೆ ಹೋದೀತೇ ಎಂಬ ಭರವಸೆ ಆ ಮಾತಿನಲ್ಲಿತ್ತು.

ಮೆಕ್ಯಾನಿಕ್‌ನ ಮನೆ ಮೂರನೇ ಮಹಡಿಯಲ್ಲಿ. ಆತ ಉದ್ದನೆಯ ಆಳು, ಮಾತು ಮೆಲ್ಲಗೆ, ನಡೆಯುವುದು ಇನ್ನೂ ಮೆಲ್ಲಗೆ. ಗೂಡಿನಲ್ಲಿ ಹಳೆಯ ಲಿಫ್ಟುಗಳ ಗುಂಡಿಗಳನ್ನು, ಉಕ್ಕಿನ ಹಗ್ಗದ ತುಂಡುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದ. ಒಂದೊಂದನ್ನೂ ಮುಟ್ಟಿ ಅದರ ಕತೆ ಹೇಳುವನು, ಚೆನ್ನಾಗಿದೆ ಎಂದು ಅವಳು ತಲೆಯಾಡಿಸುವಳು. ನರ್ಸಮ್ಮ ಚೀಲದಿಂದ ಬಿಪಿ ಯಂತ್ರ ತೆಗೆದು ನೋಡಿದಳು. ಹದಿಹರೆಯದವನ ಹಾಗಿತ್ತು. ಅವಳಿಗೆ ಸ್ವಲ್ಪ ಬೇಜಾರೇ ಆಯಿತು. ಆದರೆ ಅಂಗಿಯಲ್ಲಿ ಒಂದು ಗುಂಡಿ ಇರಲಿಲ್ಲ. ಸೂಜಿ ದಾರ ಕೇಳಿ ಹೊಲಿದು ಕೊಟ್ಟಳು. ಮುಂದಿನ ಗುರುವಾರ ಇನ್ನೊಂದು ಗುಂಡಿ ಇರಲಿಲ್ಲ. ಅದರ ಮುಂದಿನ ವಾರ ಸಕ್ಕರೆ ಡಬ್ಬಿ ಚಪ್ಪಲಿ ಗೂಡಿನಲ್ಲಿತ್ತು.

"ಅಯ್ಯೋ, ಇದು ಇಲ್ಲಿಗೆ ಹೇಗೆ ಬಂತು!" ಎಂದ ಮೆಕ್ಯಾನಿಕ್. ಆ ಆಶ್ಚರ್ಯ ಸ್ವಲ್ಪ ಜಾಸ್ತಿಯೇ ಆಯಿತೆಂದು ಅವಳಿಗೆ ಅನ್ನಿಸದಿರಲಿಲ್ಲ.

ಇದಲ್ಲದೆ ಬೇರೆ ಲಕ್ಷಣಗಳೂ ಕಂಡವು. ಟೀ ಬಗ್ಗಿಸುವಾಗ ಲೋಟ ತುಂಬಿ ಹರಿದರೂ ಕೈ ನಿಲ್ಲುತ್ತಿರಲಿಲ್ಲ. ಎದುರಿಗೇ ಗಡಿಯಾರವಿದ್ದರೂ ಹೊತ್ತೆಷ್ಟೆಂದು ಅವಳನ್ನೇ ಕೇಳುತ್ತಿದ್ದ. ಒಮ್ಮೆ ಬಾಗಿಲ ಹಿಂದೆ ನೇತು ಹಾಕಿದ್ದ ಕೋಟಿಗೆ "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದ. ನರ್ಸಮ್ಮನಿಗೆ ಖಾತ್ರಿಯಾಯಿತು: ಇದು ಮರೆವಿನ ಕಾಯಿಲೆಯ ಶುರು.

ಅಂದಿನಿಂದ ವ್ಯಾಯಾಮ ಶುರು ಮಾಡಿದಳು. ತಟ್ಟೆಯಲ್ಲಿ ಚಮಚ, ಬಾಚಣಿಗೆ, ಬೀಗದ ಕೈ, ದಾರದುಂಡೆ ಇಟ್ಟು ತೋರಿಸಿ, ಮೇಲೆ ಟವೆಲ್ ಮುಚ್ಚಿ, "ಏನೇನಿತ್ತು ಹೇಳಿ ನೋಡೋಣ" ಎನ್ನುವಳು. ಮೆಕ್ಯಾನಿಕ್ ಬಾಚಣಿಗೆಯನ್ನು ಚಾಕು ಎನ್ನುವನು, ದಾರದುಂಡೆಯನ್ನು ಈರುಳ್ಳಿ ಎನ್ನುವನು. ತಪ್ಪಾದಾಗ ಮಗುವಿನ ಹಾಗೆ ನಗುವನು. ಪಾಪ ಎಂದುಕೊಂಡು ಅವಳೂ ನಗುವಳು.

ಅವಳಿಗೆ ಅರ್ಥವಾಗದಿದ್ದದ್ದು ಬೇರೆ. ಅವಳು ಬಂದು ಕೂತದ್ದೇ ತಡ, ಆತನೇ ವಿಚಾರಿಸಲು ಶುರು ಮಾಡುವನು. "ಈ ವಾರ ಊಟ ಸರಿಯಾಗಿ ಮಾಡಿದ್ರಾ? ನಿದ್ದೆ ಬಂತಾ? ಮನೇಲಿ ಒಬ್ರೇ ಕೂತು ಯೋಚ್ನೆ ಮಾಡ್ಬೇಡಿ." ಹೊರಡುವಾಗ ಬಸ್ ನಿಲ್ದಾಣದವರೆಗೂ ಬಂದು, "ಹೀಗೇ ಬರ್ತಾ ಇರಿ, ಸಂಕೋಚ ಪಡ್ಬೇಡಿ" ಎನ್ನುವನು. ಇದು ತಾನು ಹೇಳಬೇಕಾದ ಮಾತಲ್ಲವೇ? ಡಾಕ್ಟರಿಗೇ ರೋಗಿ ಮಾತ್ರೆ ಬರೆದುಕೊಟ್ಟಂತಾಯಿತಲ್ಲ! ಬಸ್ಸಿನಲ್ಲಿ ಕೂತು ಯೋಚಿಸುವಳು. ಇಳಿಯುವ ನಿಲ್ದಾಣ ಬಂದರೂ ಬಗೆಹರಿಯುತ್ತಿರಲಿಲ್ಲ.

ಒಂದು ಗುರುವಾರ ಆತ ಹೆಂಡತಿಯ ಮಾತೆತ್ತಿದ. ಕೊನೆಯ ದಿನಗಳಲ್ಲಿ ಆಕೆ ಫೋನ್ ಮಾಡಿ ಕರೆದದ್ದು ಕೇಳಿಸಲಿಲ್ಲವಂತೆ, ಯಾವುದೋ ಕಟ್ಟಡದ ಲಿಫ್ಟಿನ ಮೇಲೆ ಕೂತಿದ್ದನಂತೆ. ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡ. ಸಮಾಧಾನ ಹೇಳಲು ಬಾಯಿ ತೆರೆದ ನರ್ಸಮ್ಮ ತಾನೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು. ಗಂಡ ಹೋದಾಗ ಬಾರದ ಅಳು, ಯಾರದೋ ಮನೆಯಲ್ಲಿ, ಯಾರದೋ ಹೆಂಡತಿಗಾಗಿ ಬಂತು. ತಟ್ಟೆಗೆ ಮುಚ್ಚಿದ್ದ ಟವೆಲನ್ನು ಆತ ಎತ್ತಿ ಕೊಟ್ಟ. ಅವಳು ಮೂಗೊರೆಸಿಕೊಂಡಳು. ಆ ವಾರ ಬೇಕರಿಯಮ್ಮ, "ಹೇಗಿದ್ದಾರೆ ನಿಮ್ಮ ಮೆಕ್ಯಾನಿಕ್?" ಎಂದು ಕೇಳಿದಾಗ, "ಸುಧಾರಿಸ್ತಿದ್ದಾರೆ" ಎಂದಳು. ಯಾರು ಸುಧಾರಿಸುತ್ತಿರುವುದು ಎಂಬುದು ಅವಳಿಗೇ ಸ್ಪಷ್ಟವಿರಲಿಲ್ಲ.

ಇನ್ನೊಂದು ಗುರುವಾರ ತಂಗಿ ಅಲ್ಲಿಗೇ ಬಂದಳು. "ಈ ಕಡೆ ಬಂದಿದ್ದೆ, ಹಾಗೇ ನೋಡ್ಕೊಂಡು ಹೋಗೋಣ ಅಂತ" ಎನ್ನುತ್ತ ಫೋನಿನಲ್ಲಿ ಒಂದು ಫೋಟೊ ತೆಗೆದಳು. ಮೆಕ್ಯಾನಿಕ್ ತೋಳು ಚಾಚಿ ಕೂತಿದ್ದ. ನರ್ಸಮ್ಮ ಬಿಪಿ ಪಟ್ಟಿ ಸುತ್ತುತ್ತಿದ್ದಳು.

ವರ್ಷದ ಕೊನೆಗೆ, ಯಾರು ಬುದ್ಧಿ ಹೇಳಿದರೋ, ಎರಡು ಕ್ಲಬ್ಬುಗಳೂ ಸೇರಿ ಒಂದೇ ಸಮಾರಂಭ ಮಾಡಿದವು. ಶಾಲೆಯ ಹಾಲಿನಲ್ಲಿ ಬಿಳಿ ಪರದೆ ಕಟ್ಟಿ ವರ್ಷದ ಸೇವೆಯ ಚಿತ್ರಗಳನ್ನು ತೋರಿಸಿದರು. ಮೊದಲು ಮೇಲ್ಬೀದಿಯ ಸರದಿ. ರಕ್ತದಾನ, ಸಸಿ, ಬರೀ ತೊಳೆದ ಗೋಡೆ. ಆಮೇಲೆ ಆ ಫೋಟೊ. ಕೆಳಗೆ "ಒಂಟಿ ಹಿರಿಯರಿಗೆ ನಮ್ಮ ಒಡನಾಟ" ಎಂದು ಬರೆದಿತ್ತು. ಬೇಕರಿಯಮ್ಮ ಮೈಕಿನಲ್ಲಿ ಕರೆದಳು, ನರ್ಸಮ್ಮ ಎದ್ದು ಹೋಗಿ ಹೂವಿನ ಗುಚ್ಛ ಪಡೆದಳು, ಚಪ್ಪಾಳೆ ಬಿತ್ತು. ಎಲ್ಲರ ಎದುರಿಗೆ ಆತನನ್ನು ಒಂಟಿ ಎಂದು ತೋರಿಸಿದ್ದು ಸರಿಯೇ ಎಂದು ಅವಳಿಗೆ ಕಸಿವಿಸಿಯಾಯಿತು. ಮೂಲೆಯ ಕುರ್ಚಿಯಲ್ಲಿ ಮೆಕ್ಯಾನಿಕ್ ಪರದೆಯತ್ತ ಮುಖ ಮಾಡಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದ.

ಆಮೇಲೆ ಕೆಳಬೀದಿಯ ಸರದಿ. ಬೆಂಚು, ಕಂಬಳಿ, ಕನ್ನಡಕ. ಕೊನೆಗೆ ಮತ್ತೆ ಅದೇ ಫೋಟೊ. ಅದೇ ತೋಳು, ಅದೇ ಪಟ್ಟಿ, ಅದೇ ನರ್ಸಮ್ಮ. ಕೆಳಗಿನ ಸಾಲು ಮಾತ್ರ ಬೇರೆ: "ಒಂಟಿ ಮಹಿಳೆಗೆ ನಮ್ಮ ಆಸರೆ." ಅವರ ಅಧ್ಯಕ್ಷರು ಅದನ್ನು ಜೋರಾಗಿ ಓದಿ, "ಪ್ರತಿ ಗುರುವಾರ ಈ ಸೇವೆ ಮಾಡಿದ ನಮ್ಮ ಕಾರ್ಯಕರ್ತರು ವೇದಿಕೆಗೆ ಬರಬೇಕು" ಎಂದರು. ಮೆಕ್ಯಾನಿಕ್ ಎದ್ದು ನಿಂತ.

ಚಪ್ಪಾಳೆ ಶುರುವಾಗಿ ನಡುವೆಯೇ ನಿಂತಿತು. ಯಾರೋ ಕಿಸಕ್ಕೆಂದರು. ಯಂತ್ರ ಕೆಟ್ಟಿದೆಯೇ ಎಂದು ಪ್ರೊಜೆಕ್ಟರಿನವನು ವೈರು ಎಳೆದು ನೋಡಿದ. ನರ್ಸಮ್ಮ ಕೈಯಲ್ಲಿದ್ದ ಗುಚ್ಛವನ್ನು ನೋಡಿದಳು, ಪರದೆಯನ್ನು ನೋಡಿದಳು, ವೇದಿಕೆಗೆ ಅರ್ಧ ದಾರಿಯಲ್ಲಿ ನಿಂತುಬಿಟ್ಟಿದ್ದ ಮೆಕ್ಯಾನಿಕ್‌ನನ್ನು ನೋಡಿದಳು. ಆಮೇಲೆ ಗುಚ್ಛವನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದಳು.

ಮನೆ ತಲುಪುವಷ್ಟರಲ್ಲಿ ತಂಗಿ ಏದುಸಿರು ಬಿಡುತ್ತ ಹಿಂದೆಯೇ ಬಂದಳು.

"ನಿಂತ್ಕೊ ಅಕ್ಕಾ. ಎಲ್ಲಾ ನಂದೇ."

"ಏನು ನಿಂದು?"

"ನಾನೇ ಬೇಕರಿಯಮ್ಮಂಗೆ ಹೇಳ್ದೆ, ಒಬ್ರು ಮೆಕ್ಯಾನಿಕ್ ಇದ್ದಾರೆ, ಒಂಟಿಯಾಗಿದ್ದಾರೆ, ಅಕ್ಕನ್ನ ಕಳ್ಸಿ ಅಂತ. ಅವ್ರು ನಮ್ಮ ಕ್ಲಬ್ಬಿನೋರೇ. ಅವ್ರಿಗೂ ನಾನೇ ಹೇಳ್ದೆ, ನಮ್ಮಕ್ಕ ಬರ್ತಾಳೆ, ಅವಳಿಗೆ ಏನಾದ್ರೂ ಕೆಲ್ಸ ಕೊಡಿ, ಯಾರಿಗಾದ್ರೂ ಬೇಕಾಗಿದ್ದೀನಿ ಅನ್ನಿಸ್ಬೇಕು ಅವಳಿಗೆ ಅಂತ. ಫೋಟೊ ಕೇಳಿದ್ರು, ಇಬ್ರಿಗೂ ಕೊಟ್ಟೆ. ಒಂದೇ ಕಡೆ ತೋರಿಸ್ತಾರೆ ಅಂತ ಯಾರಿಗೆ ಗೊತ್ತಿತ್ತು!"

"ಒಡಹುಟ್ಟಿದ ಅಕ್ಕನ್ನೇ ಸೇವಾ ಕಾರ್ಯ ಮಾಡ್ಬಿಟ್ಯಲ್ಲೇ!"

"ಇನ್ನೇನ್ ಮಾಡ್ಲಿ? ಪೋಸ್ಟ್‌ಮ್ಯಾನ್‌ನ ಹಿಡ್ದು ಬಾಗಿಲಲ್ಲೇ ಕೂರ್ಸಿ ನಾಡಿ ನೋಡಿದ್ಯಲ್ಲ, ಪಾಪ ಅವ್ನು ಈಗ ಕಾಗ್ದಾನ ಗೇಟಿಂದಾನೇ ಎಸೀತಾನೆ."

ನರ್ಸಮ್ಮನಿಗೆ ನಗು ಬಂತು. ಅದು ಬಂದದ್ದಕ್ಕೇ ಸಿಟ್ಟು ಹೆಚ್ಚಾಗಿ ಬಾಗಿಲು ಹಾಕಿಕೊಂಡಳು.

ಅವಳು ಮುಂದಿನ ಗುರುವಾರ ಹೋಗಲಿಲ್ಲ. ಹೋಗದೆ ಕೂತು, ಯಾವುದು ನಿಜ ಯಾವುದು ನಾಟಕ ಎಂದು ವರ್ಷವನ್ನೇ ಹಿಂದಿನಿಂದ ಬಿಚ್ಚುತ್ತ ಹೋದಳು. ಬಿಚ್ಚಿದಷ್ಟೂ ಸಿಕ್ಕು. ತಾನು ಸೇವೆ ಮಾಡಿದ್ದು ಸುಳ್ಳಾದರೆ, ತನಗೆ ಸೇವೆಯಾದದ್ದು ನಿಜವೇ? ಕಾಯಿಲೆ ಯಾರಿಗಿತ್ತು?

ಅದರ ಮುಂದಿನ ವಾರ ಮೆಕ್ಯಾನಿಕ್ ತಾನೇ ಬಂದ. ಬಾಗಿಲಿನ ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿಕೊಂಡು ಒಳಗೆ ಕಾಲಿಟ್ಟ. ಇಬ್ಬರೂ ಎದುರುಬದುರು ಕೂತರು. ಉಪಚಾರ ಮಾಡಬೇಕಾದವರು ಯಾರು ಎಂಬುದು ತಿಳಿಯದೆ ಯಾರೂ ಟೀ ಮಾತೆತ್ತಲಿಲ್ಲ.

"ಆ ಗುಂಡಿಗಳು?" ಎಂದು ಕೊನೆಗೆ ಅವಳೇ ಕೇಳಿದಳು.

"ಕತ್ತರಿಯಿಂದ ನಾನೇ ಕತ್ತರಿಸ್ತಿದ್ದೆ."

"ಸಕ್ಕರೆ ಡಬ್ಬಿ?"

"ಅದೂ ನಾನೇ. ನಿಮಗೆ ಹುಡ್ಕಕ್ಕೆ ಏನಾದ್ರೂ ಇರ್ಲಿ ಅಂತ."

"ನಿಮ್ಮ ಹೆಂಡ್ತಿ ವಿಷಯ ಹೇಳಿ ಅತ್ರಲ್ಲ, ಅದು?"

"ಅದು ನನಗೇ ಗೊತ್ತಿಲ್ಲದಂಗೆ ಬಂತು" ಎಂದ. ಆಮೇಲೆ ಕೇಳಿದ: "ನನ್ನ ಲಿಫ್ಟಿನ ಕತೆಗಳು ಚೆನ್ನಾಗಿವೆ ಅಂತಿದ್ರಲ್ಲ ನೀವು?"

"ಒಂದೂ ತಲೆಗೆ ಹೋಗ್ಲಿಲ್ಲ."

"ಹಾಗಾದ್ರೆ ಸರಿಹೋಯ್ತು ಬಿಡಿ."

"ಎಲ್ಲಿ ಸರಿಹೋಯ್ತು? ಟೀ ಚೆಲ್ತಿದ್ರಲ್ಲ, ಕೋಟನ್ನ ಮಾತಾಡಿಸಿದ್ರಲ್ಲ, ಬಾಚಣಿಗೆಗೆ ಚಾಕು ಅಂದ್ರಲ್ಲ. ಅಷ್ಟೊಂದು ನಾಟಕ ಯಾಕೆ ಬೇಕಿತ್ತು?"

ಮೆಕ್ಯಾನಿಕ್ ತಲೆ ತಗ್ಗಿಸಿದ. "ಅದು ನಾಟಕ ಅಲ್ಲ ನರ್ಸಮ್ಮ. ನನಗೆ ಕಣ್ಣು ಕಾಣ್ತಿಲ್ಲ."

ನರ್ಸಮ್ಮ ಎದ್ದು ಕಿಟಕಿಯ ಪರದೆ ಸರಿಸಿ, ಆತನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಎರಡೂ ಕಣ್ಣುಗಳಲ್ಲಿ ಹಾಲಿನಂಥ ಪೊರೆ. ಯಾರಾದರೂ ನೋಡಿದರೆ ತಿಳಿಯುವಂಥದ್ದು. ಇಷ್ಟು ತಿಂಗಳು ಪ್ರತಿ ಗುರುವಾರ ಎದುರಿಗೆ ಕೂತು ಬಿಪಿ ನೋಡಿದವಳು, ಮರೆವನ್ನು ಹುಡುಕುತ್ತ ಕಣ್ಣನ್ನೇ ನೋಡಿರಲಿಲ್ಲ.

"ಮೊದ್ಲೇ ಯಾಕ್ರೀ ಹೇಳ್ಲಿಲ್ಲ?"

"ನಾನು ಕಾರ್ಯಕರ್ತ ಅಲ್ವಾ? ನನ್ನ ಕಷ್ಟ ನಿಮಗೆ ಹೇಳೋದು ಹೇಗೆ?" ಎಂದ ಆತ. ಆಮೇಲೆ, "ಆಪರೇಷನ್‌ಗೆ ಹೆದ್ರಿಕೆ. ಅದನ್ನ ಹೇಳಕ್ಕೇ ಇವತ್ತು ಬಂದೆ" ಎಂದ.

ಕಣ್ಣಾಸ್ಪತ್ರೆಗೆ ಇಬ್ಬರೂ ಒಟ್ಟಿಗೆ ಹೋದರು. ಕೌಂಟರಿನ ಹುಡುಗಿ ಆತನ ವಿವರ ಕೇಳಿಕೊಂಡು ನರ್ಸಮ್ಮನತ್ತ ತಿರುಗಿದಳು. "ಇವ್ರಿಗೆ ನೀವು ಏನಾಗ್ಬೇಕು?"

ನರ್ಸಮ್ಮ ಈ ಪ್ರಶ್ನೆಯನ್ನು ಜೀವಮಾನವಿಡೀ ಬೇರೆಯವರಿಗೆ ಕೇಳಿದವಳು. ಉತ್ತರಕ್ಕೆ ತಡವರಿಸಿದವರನ್ನು ಕಂಡು ರೇಗಿದವಳು. ಈಗ ಕೌಂಟರಿನ ಮೇಲಿದ್ದ ಪೆನ್ನನ್ನು ನೇರವಾಗಿ ಜೋಡಿಸಿಟ್ಟಳು.

"ಮನೆಯವ್ರಾ?"

"ಅಲ್ಲಮ್ಮ."

"ತಂಗಿನಾ? ಅಕ್ಕನಾ?"

"ಅದೂ ಅಲ್ಲ."

"ಕ್ಲಬ್ಬಿಂದ ಬಂದಿದ್ದೀರಾ? ತುಂಬಾ ಜನ ಹಾಗೇ ಬರ್ತಾರೆ."

ಮೆಕ್ಯಾನಿಕ್ ಏನೋ ಹೇಳಲು ಹೋಗಿ ಕೆಮ್ಮಿದ. ಹಿಂದೆ ನಿಂತವರು ಕಾಲು ಬದಲಿಸಿದರು.

"ಹೊರಗೆ ಕೂತಿರ್ತೀನಿ ಅಂತ ಬರ್ಕೊಳ್ಳಮ್ಮ" ಎಂದಳು ನರ್ಸಮ್ಮ. "ಏನಾಗ್ಬೇಕು ಅನ್ನೋದನ್ನ ಆಮೇಲೆ ನೋಡೋಣ."

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಇಷ್ಟು ವರ್ಷ ಅಂಥ ಬಾಗಿಲಿನ ಒಳಗಡೆ ಇದ್ದವಳಿಗೆ ಹೊರಗಿನ ಕುರ್ಚಿಯಲ್ಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಮಡಿಲಲ್ಲಿಟ್ಟಳು, ತೆಗೆದಳು, ಚೀಲದ ಹಿಡಿ ಹಿಡಿದಳು. ಒಳಗೆ ಎಲ್ಲ ಸರಿಯಾಗಿ ನಡೆಯಿತು.

ಮರುದಿನ ಡಾಕ್ಟರು ಒಂದು ಕಣ್ಣಿನ ಪಟ್ಟಿ ಬಿಚ್ಚಿದಾಗ ಅವಳು ಎದುರಿಗೇ ನಿಂತಿದ್ದಳು. ಮೆಕ್ಯಾನಿಕ್ ಕಣ್ಣು ಪಿಳುಕಿಸಿ ಗೋಡೆ ನೋಡಿದ, ಡಾಕ್ಟರನ್ನು ನೋಡಿದ, ಆಮೇಲೆ ಅವಳನ್ನು ಬಹಳ ಹೊತ್ತು ನೋಡಿದ.

"ನರ್ಸಮ್ಮನಾ?"

"ಹೂಂ, ನಾನೇ."

"ಧ್ವನಿ ಕೇಳಿ ನೀವು ಇನ್ನೂ ದಪ್ಪ ಇದ್ದೀರಿ ಅಂದ್ಕೊಂಡಿದ್ದೆ."

ನರ್ಸಮ್ಮನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. "ಅಲುಗಾಡ್ಬೇಡಿ, ಔಷಧಿ ಹಾಕ್ಬೇಕು" ಎಂದು ಗದರಿ, ಆತನ ರೆಪ್ಪೆ ಬಿಡಿಸಿ ಹಿಡಿದಳು.