ಎರಡು ಮೈಕ್ರೋಸೆಕೆಂಡಿನ ಡುಬ್ಬ

ಲೇಸರ್ ನಮ್ಮ ಕೈಯಲ್ಲಿರುವುದು ಸಂಜೆ ಐದರವರೆಗೆ. ಆಮೇಲೆ ಆರು ತಿಂಗಳು ಪಕ್ಕದ ತಂಡದ್ದು. ಫ್ರಿಜ್ಜಿನಲ್ಲಿ ಉಳಿದಿದ್ದ ಪ್ರೋಟೀನು ಒಂದೇ ಒಂದು ಸಲಕ್ಕೆ ಸಾಲುವಷ್ಟು. ನನ್ನ ಪಿಎಚ್‌ಡಿ ನಿಂತಿದ್ದದ್ದು ಒಂದು ಡುಬ್ಬದ ಮೇಲೆ.

ಕೆಲಸ ಇಷ್ಟೇ. ಪ್ರೋಟೀನು ಕರಗಿರುವ ನೀರನ್ನು ಪುಟ್ಟ ಗಾಜಿನ ಪೆಟ್ಟಿಗೆಗೆ ತುಂಬಿ, ಲೇಸರಿನ ಒಂದು ಮಿಂಚಿನಿಂದ ಹತ್ತು ಡಿಗ್ರಿ ಬಿಸಿ ಮಾಡಬೇಕು, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಕೋಟಿ ಪಟ್ಟು ಬೇಗ. ಮುದುಡಿ ಮಡಚಿ ಕೂತ ಪ್ರೋಟೀನು ಬೆಚ್ಚಗಾಗಿ, ಬೆಚ್ಚಿ, ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಬೆಳಕು ಅದನ್ನು ಇಣುಕಿ ನೋಡಿ ಪರದೆಯ ಮೇಲೆ ಗೆರೆ ಎಳೆಯುತ್ತದೆ.

ನನ್ನ ಗೆರೆಯಲ್ಲಿ ಎರಡು ಮೈಕ್ರೋಸೆಕೆಂಡಿನ ಹತ್ತಿರ ಒಂದು ಡುಬ್ಬ. ಅಂದರೆ ಪ್ರೋಟೀನು ನಡುದಾರಿಯಲ್ಲಿ ನಿಂತು ಸುಧಾರಿಸಿಕೊಳ್ಳುತ್ತದೆ! ಯಾರೂ ಕಾಣದ ನಿಲ್ದಾಣ. ಅದನ್ನೇ ನಂಬಿ ಪ್ರಬಂಧದ ಮೂರನೇ ಅಧ್ಯಾಯವನ್ನು ಆಗಲೇ ಬರೆದಿಟ್ಟಿದ್ದೆ.

ನನ್ನ ಗೈಡ್ ಮೇಷ್ಟ್ರದು ಮಾತ್ರ ವಾರದಿಂದ ಒಂದೇ ರಾಗ. ನಾನು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅವರ ದನಿ ತೆಗೆದೆ: “ಬರೀ... ಹ್ಞಾಂ... ನೀರು ಹಾಕಿ ನೋಡಿದ್ರೇನಮ್ಮಾ?”

ಲ್ಯಾಬಿನ ಮೆಕ್ಯಾನಿಕ್ ನಮ್ಮ ಚಿಕ್ಕಪ್ಪನೇ. ಸ್ಪ್ಯಾನರ್ ಕೆಳಗಿಟ್ಟು ನಕ್ಕ. “ಅಣಕಿಸಿದ್ದು ಸಾಕು. ನೋಡಿದ್ಯೋ, ಇಲ್ವೋ?”

“ನೀರಲ್ಲೇನಿರತ್ತೆ ಚಿಕ್ಕಪ್ಪ, ನೀರೇ ಇರತ್ತೆ.”

“ಮತ್ತೆ ಹೆದರಿಕೆ ಯಾಕೆ ತಾಯಿ? ಹಾಕು.”

ಹಾಕಿದೆ. ಬರೀ ನೀರಿನಲ್ಲೂ ಡುಬ್ಬ ಎದ್ದು ಕೂತಿತು. ಅಂದರೆ ಅದು ಪ್ರೋಟೀನಿನದೇ ಅಲ್ಲ ಎಂದುಕೊಂಡು ಮತ್ತೆ ಮತ್ತೆ ಗುಂಡಿ ಒತ್ತಿದೆ.

“ಶ್!” ಎಂದೆ. ಪ್ರತಿ ಮಿಂಚಿಗೂ ಗಾಜಿನ ಪೆಟ್ಟಿಗೆ ಮೆಲ್ಲಗೆ ಸದ್ದು ಮಾಡುತ್ತದೆ. ಅಣಕಿಸುವವಳ ಕಿವಿ, ಸುಮ್ಮನಿರುವುದಿಲ್ಲ. “ಟಿಕ್, ಟಿಕ್, ಟಪಕ್. ಕೇಳಿಸ್ತಾ? ಟಪಕ್ ಅಂದಾಗಲೇ ಡುಬ್ಬ.”

ಚಿಕ್ಕಪ್ಪ ಕಿವಿಗೊಟ್ಟ. “ನೀರಲ್ಲಿರೋ ಗಾಳಿ ಕಣೇ. ಬಿಸಿ ತಟ್ಟಿದ ಕೂಡಲೇ ಗುಳ್ಳೆ.”

“ಗುಳ್ಳೆಯಲ್ಲ, ಗುಳ್ಳೆನರಿ! ನಾಲ್ಕು ತಿಂಗಳು ಯಾಮಾರಿಸಿದೆ.”

ಪಂಪು ಹಚ್ಚಿ ನೀರಿನೊಳಗಿನ ಗಾಳಿ ಎಳೆದೆವು. ಈಗ ಬರೀ ಟಿಕ್. ಡುಬ್ಬ ಮಾಯ.

ಗಂಟೆ ನಾಲ್ಕೂವರೆ. ಕೊನೆಯ ಪ್ರೋಟೀನು ಕೈಯಲ್ಲಿತ್ತು. ಹಳೆಯ ಗೆರೆಯನ್ನೇ ಕೊಟ್ಟರೆ ಯಾರಿಗೂ ತಿಳಿಯದು, ಅಧ್ಯಾಯ ಉಳಿಯುತ್ತದೆ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಟಪಕ್ ಎಂಬುದು ನನ್ನ ಕಿವಿಯಲ್ಲಿ ಬಾಡಿಗೆಗೆ ಕೂತಾಗಿತ್ತು. ಪ್ರೋಟೀನಿನ ನೀರಿನ ಗಾಳಿಯನ್ನೂ ನೊರೆ ಬಾರದಂತೆ ನಿಧಾನಕ್ಕೆ ತೆಗೆದು, ಪೆಟ್ಟಿಗೆಗೆ ತುಂಬಿ ಗುಂಡಿ ಒತ್ತಿದೆ.

ಟಿಕ್. ಟಿಕ್. ಟಿಕ್.

ಗೆರೆ ಎಲ್ಲೂ ನಿಲ್ಲದೆ, ತಿಣುಕದೆ, ಒಂದೇ ಇಳಿಜಾರಿನಲ್ಲಿ ಜಾರಿಹೋಯಿತು. ನಿಲ್ದಾಣವೇ ಇಲ್ಲ. ನನ್ನ ಪ್ರೋಟೀನು ಎಂಟು ಮೈಕ್ರೋಸೆಕೆಂಡಿನಲ್ಲಿ ಒಂದೇ ಉಸಿರಿಗೆ ಬಿಚ್ಚಿಕೊಳ್ಳುತ್ತದೆ. ಮೂರನೇ ಅಧ್ಯಾಯ ಕಸದ ಬುಟ್ಟಿಗೆ. ಅಳು ಬರುತ್ತದೆಂದು ಕಾದೆ, ಬಂದದ್ದು ಹಸಿವು. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಗೆರೆಯನ್ನು ಪೂರ್ತಿ ನಂಬಿದ್ದೆ.

“ನೀರಲ್ಲೇನಿರತ್ತೆ ಚಿಕ್ಕಪ್ಪಾ,” ಎಂದು ಬಾಗಿಲ ಬಳಿ ನನ್ನದೇ ದನಿ ಕೇಳಿಸಿತು, “ನೀರೇ ಇರತ್ತೆ!”

ಮೇಷ್ಟ್ರು! ಕನ್ನಡಕ ಮೂಗಿನ ತುದಿಯಲ್ಲೇ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಸಾರ್, ಅದು...”

“ನನ್ನ ಹ್ಞಾಂ ಇನ್ನೂ ಸ್ವಲ್ಪ ಎಳೀಬೇಕು ಕಣಮ್ಮ.” ಪರದೆಗೆ ಬಗ್ಗಿ ಗೆರೆಯನ್ನು ತುದಿಯವರೆಗೂ ನೋಡಿದರು. ಮುಖದಲ್ಲಿ ನಗು ಹರಡಿತು. “ಚೆನ್ನಾಗಿದೆ. ಇನ್ನೂ ಹತ್ತು ನಿಮಿಷ ಇದೆ. ತಣ್ಣಗಾಗಿ ಮತ್ತೆ ಮಡಚಿಕೊಂಡಿರತ್ತೆ, ಇದರಲ್ಲೇ ಮತ್ತೊಂದು ಸಲ ತೆಗೀರಿ.”

ಚಿಕ್ಕಪ್ಪ ದೀಪ ಆರಿಸಿದ. ಮೂವರೂ ಉಸಿರು ಬಿಗಿಹಿಡಿದು ಕಿವಿಗೊಟ್ಟೆವು.

ಟಿಕ್.