ಮುಗಿಲಲ್ಲೊಂದು ಕಿಂಡಿ

ಉಪಗ್ರಹಗಳು ನಲವತ್ತು ವರ್ಷಗಳಿಂದ ಮೇಲಿನಿಂದ ತೆಗೆದು ಕಳಿಸಿದ ನೆಲದ ಚಿತ್ರಗಳೆಲ್ಲ ಸರ್ಕಾರಿ ಕಚೇರಿಯೊಂದರ ನೆಲಮಾಳಿಗೆಯಲ್ಲಿ ಟೇಪಿನ ಸುರುಳಿಗಳಾಗಿ ಮಲಗಿದ್ದವು. ಅವನ್ನು ಎಬ್ಬಿಸಿ ಹೊಸ ಡಿಸ್ಕಿಗೆ ಏರಿಸುವ ಕೆಲಸ ನಡೆದಿತ್ತು. ಯಾವುದನ್ನು ಏರಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವವಳು ಒಬ್ಬ ಹುಡುಗಿ. ಪ್ರತಿ ಟೇಪಿನ ಡಬ್ಬಿಯಲ್ಲೂ ಅಂಗೈಯಗಲದ ಕಪ್ಪುಬಿಳುಪು ಅಚ್ಚೊಂದು ಇರುತ್ತಿತ್ತು. ಅದನ್ನು ನೋಡಿ ನೂರಕ್ಕೆ ಎಷ್ಟು ಪಾಲು ಮೋಡ ಎಂದು ಅವಳು ಬರೆಯಬೇಕು. ತೊಂಬತ್ತು ದಾಟಿತೋ, ಕೆಂಪು ಚೀಟಿ. ಕೆಂಪು ಚೀಟಿಯದು ಗೋಡೆಯುದ್ದದ ಹಿಂದಿನ ಕಪಾಟಿಗೆ, ವರ್ಷದ ಕೊನೆಗೆ ಗುಜರಿಗೆ. ಕಚೇರಿಯವರ ಬಾಯಲ್ಲಿ ಅವಳು ಮೋಡಮ್ಮ.

“ಇವತ್ತು ಎಷ್ಟು ಮೋಡ ಎಸೆದೆ ತಾಯಿ?” ಎಂದು ಮನೆಯಲ್ಲಿ ಅಜ್ಜಿ ಕೇಳುವಳು.

“ಇಪ್ಪತ್ತಾರು ಅಜ್ಜಿ.”

“ಅದಕ್ಕೇ ಮಳೆ ಹಿಂಗಾಗಿರೋದು.”

ಯಾರು ಬೇಕಾದರೂ ಬಂದು ಚಿತ್ರ ಕೇಳಬಹುದು ಎಂದು ಬಾಗಿಲಲ್ಲಿ ಬೋರ್ಡೇನೋ ಇತ್ತು, ಬರುವವರು ಬೆರಳೆಣಿಕೆ. ಒಂದು ಗುರುವಾರ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಟೀಚರ್, ಬಂದರು.

“ಸೋಮವಾರ ನಮ್ಮ ಹೊಸ ಶಾಲೆಗೆ ಪಾಯ ಅಗೀತಾರಮ್ಮ. ಮುನ್ನೂರು ಮಕ್ಕಳು ಕೂರೋ ಜಾಗ. ನಾನು ಮೂರನೇ ಕ್ಲಾಸಿದ್ದಾಗ ಮಳೆಗಾಲದಲ್ಲಿ ಅಲ್ಲಿ ಎದೆಮಟ್ಟ ನೀರು ನಿಂತಿತ್ತು ಅಂತಾಳೆ ನಮ್ಮಮ್ಮ. ಇಂಜಿನಿಯರು ನಿಮ್ಮಿಂದಲೇ ಮೂವತ್ತು ಚಿತ್ರ ತರಿಸಿ ತೋರಿಸಿದ, ಒಂದರಲ್ಲೂ ಹನಿ ನೀರಿಲ್ಲ. ವಯಸ್ಸಾದವರು ಏನೋ ಹೇಳ್ತಾರೆ ಬಿಡಿ ಅಂದ.”

ಮೋಡಮ್ಮ ಆ ಮೂವತ್ತರ ಪಟ್ಟಿ ತೆಗೆದು ತಾರೀಖುಗಳ ಮೇಲೆ ಬೆರಳಾಡಿಸಿದಳು. ಚಳಿಗಾಲ, ಬೇಸಿಗೆ, ಬೇಸಿಗೆ, ಚಳಿಗಾಲ. ಬೆರಳು ನಿಂತಿತು. ಮಳೆಗಾಲದ ಚಿತ್ರವೆಂದರೆ ಮೋಡದ ಚಿತ್ರ, ಮೋಡದ ಚಿತ್ರವೆಂದರೆ ಕೆಂಪು ಚೀಟಿ. ಅಂಟಿಸಿದ್ದು ತನ್ನ ಕೈಯೇ. ಟೀಚರ್ ಮೂರನೇ ಕ್ಲಾಸಿದ್ದ ವರ್ಷ ಯಾವುದೆಂದು ಕೇಳಿ ಬರೆದುಕೊಂಡು ಎದ್ದಳು.

ಹಿಂದಿನ ಕಪಾಟಿನಲ್ಲಿ ಆ ಮಳೆಗಾಲದವು ಹನ್ನೊಂದು ಡಬ್ಬಿ ಸಿಕ್ಕವು. ಎಂಟನೆಯದರ ಮೇಲೆ ಅವಳದೇ ಅಕ್ಷರದಲ್ಲಿ ‘ತೊಂಬತ್ನಾಲ್ಕು’. ಭೂತಗನ್ನಡಿ ಹಿಡಿದು ನೋಡಿದರೆ ಬಿಳುಪಿನ ನಡುವೆ ಎಳ್ಳಿನಷ್ಟೊಂದು ಕಿಂಡಿ. ನಕ್ಷೆಯ ಮೇಲೆ ಅಳೆದಾಗ ಅದು ಶಾಲೆಯ ಜಾಗದ ಆಸುಪಾಸಿಗೇ ಬಂತು. ಅಚ್ಚಿನಲ್ಲಿ ಅದಕ್ಕಿಂತ ಹೆಚ್ಚೇನೂ ಕಾಣದು, ಟೇಪನ್ನೇ ಓದಿಸಬೇಕು.

ಟೇಪು ಓಡಿಸುವವರು ಸುರುಳಿಯಣ್ಣ. ಅಂಚು ಮುಟ್ಟಿ ನೋಡಿ ತಲೆಯಾಡಿಸಿದರು.

“ಅಂಟು ಬಿಟ್ಟಿದೆ ಕಣಮ್ಮ. ಹಾಗೇ ಓಡಿಸಿದ್ರೆ ಚಿತ್ರವೆಲ್ಲ ಯಂತ್ರಕ್ಕೆ ಮೆತ್ಕೊಳ್ಳುತ್ತೆ. ಒಲೇಲಿಡಬೇಕು.”

“ಒಲೇಲಾ?” ದೊಡ್ಡ ಟೀಚರ್ ಕಣ್ಣರಳಿಸಿದರು.

“ಸಣ್ಣ ಬಿಸಿ ಟೀಚರ್, ಜ್ವರದ ಮೈಗಿಂತ ಒಂದಿಷ್ಟು ಹೆಚ್ಚು. ಎಂಟು ಗಂಟೆ. ಆಮೇಲೆ ಒಂದು ಸಲ ಓದ್ಕೊಡುತ್ತೆ. ಎರಡನೇ ಸಲ ಕೇಳೋ ಹಾಗಿಲ್ಲ.”

ಕೆಂಪು ಚೀಟಿಯ ಟೇಪು ಒಲೆಗೆ ಹೋಗಬೇಕಾದರೆ ಮೇಲ್ವಿಚಾರಕಿಯ ಸಹಿ ಬೇಕು. ಆಕೆ ಕನ್ನಡಕದ ಮೇಲಿಂದ ನೋಡಿದರು.

“ಅಂಟಿಸಿದವಳೂ ನೀನೇ, ಕೀಳೋಳೂ ನೀನೇನಾ?”

“ಹೌದು ಮೇಡಂ. ಎಷ್ಟು ಮೋಡ ಇದೆ ಅಂತ ನೋಡ್ತಾ ಕೂತೆ. ಎಲ್ಲಿ ಇಲ್ಲ ಅಂತ ನೋಡಲೇ ಇಲ್ಲ.”

“ಒಂದು ಟೇಪು,” ಎಂದು ಸಹಿ ಹಾಕಿದರು. “ಏನೂ ಸಿಗದಿದ್ರೆ ಆ ಕಪಾಟು ಈ ವಾರವೇ ಖಾಲಿ.”

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಟೇಪು ಒಲೆ ಸೇರಿತು. ಆರಿ ಯಂತ್ರಕ್ಕೆ ಏರುವಾಗ ಸಂಜೆ ಐದು. ಪರದೆಯ ಮೇಲೆ ಗೆರೆಗೆರೆಯಾಗಿ ಚಿತ್ರ ಇಳಿಯತೊಡಗಿತು. ಬಿಳುಪು, ಇನ್ನೂ ಬಿಳುಪು, ಹಿಂಜಿ ಹರವಿದ ಹತ್ತಿ. ದೊಡ್ಡ ಟೀಚರ್ ನಕ್ಷೆ ಬಿಚ್ಚಿ ಹಿಡಿದಿದ್ದರು. ಸುರುಳಿಯಣ್ಣ ಯಂತ್ರವನ್ನು ಹಸುವಿನ ಬೆನ್ನು ಸವರುವಂತೆ ಸವರುತ್ತಿದ್ದರು. ಅಷ್ಟರಲ್ಲಿ ಹತ್ತಿ ಹರಿಯಿತು. ಒಳಗೆ ಕಾಡಿಗೆಯಂಥ ಕಪ್ಪು.

“ನೀರು,” ಎಂದಳು ಮೋಡಮ್ಮ. “ಈ ಚಿತ್ರಗಳಲ್ಲಿ ನೀರು ಕಪ್ಪಗೇ ಕಾಣೋದು.”

ನಕ್ಷೆಯನ್ನು ಹೊಂದಿಸಿದರೆ ಶಾಲೆಯ ಚೌಕ ಪೂರ್ತಿ ಕಪ್ಪಿನಲ್ಲಿ ಮುಳುಗಿತ್ತು. ಪೂರ್ವಕ್ಕೆ ಇನ್ನೂರು ಹೆಜ್ಜೆ ದಾಟಿದರೆ ಬೂದು ಬಣ್ಣದ ದಿಬ್ಬ, ಒಣಗಿದ್ದು. ಯಂತ್ರ ಕಿರ್ರೆಂದು ನಿಂತಿತು. ಅದಾಗಲೇ ಚಿತ್ರ ಡಿಸ್ಕು ಸೇರಿತ್ತು.

ದೊಡ್ಡ ಟೀಚರ್ ತಾಯಿಗೆ ಫೋನು ಹಚ್ಚಿದರು. “ಅಮ್ಮ, ನೀರಿತ್ತು ಕಣೆ. ನೀ ಹೇಳಿದ ಜಾಗದಲ್ಲೇ. ಎದೆಮಟ್ಟವೋ ಮೊಣಕಾಲೋ ಇದರಲ್ಲಿ ಗೊತ್ತಾಗಲ್ಲವಂತೆ.” ಒಂದು ಕ್ಷಣ ಕೇಳಿ ನಕ್ಕರು. “ಆಳ ಬೇಕಿದ್ರೆ ನನ್ನನ್ನ ಕೇಳಿ ಅಂತಿದ್ದಾಳೆ.”

ಸೋಮವಾರ ಅವರದೇ ಫೋನು. ಇಂಜಿನಿಯರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಗೊಣಗಿಕೊಂಡೇ ಪಾಯಕ್ಕೆ ಗುರುತಿಟ್ಟ ಗೂಟ ಕೀಳಿಸಿ ದಿಬ್ಬದ ಮೇಲೆ ನೆಡಿಸುತ್ತಿದ್ದಾನೆ ಎಂದು.

ಮೇಲ್ವಿಚಾರಕಿ ಹಿಂದಿನ ಕಪಾಟಿನ ಮುಂದೆ ಬಂದು ನಿಂತರು. “ಎಷ್ಟಿವೆ?”

“ನಾಲ್ಕು ಸಾವಿರದ ಚಿಲ್ಲರೆ.”

“ಗುಜರಿಯವನಿಗೆ ಬರಬೇಡ ಅಂದಿದ್ದೀನಿ. ಯಾವ ಕಿಂಡೀಲಿ ಯಾವ ಊರು ಕಾಣುತ್ತೆ, ಬರೆದಿಡು. ಊರಿನವರು ಬಂದು ಕೇಳಿದ್ರೆ ಸಿಗಬೇಕು.”

“ನಾಲ್ಕು ಸಾವಿರವಾ? ಇವಳ ಮದುವೆ ಇಲ್ಲೇ ಆಗುತ್ತೆ ಬಿಡಿ,” ಎಂದರು ಸುರುಳಿಯಣ್ಣ, ಒಲೆಯ ತಟ್ಟೆ ಒರೆಸುತ್ತ.

“ನೀವೇ ಮುಂದೆ ನಿಂತು ಮಾಡಿಸಿ ಅಣ್ಣ,” ಎನ್ನುತ್ತ ಅವಳು ಮೊದಲ ಡಬ್ಬಿ ಬಿಚ್ಚಿದಳು. ಅಚ್ಚಿನ ಮೂಲೆಯಲ್ಲಿ ಯಾವುದೋ ಊರಿನ ಒಂದು ಬೀದಿಯಷ್ಟು ನೆಲ ಬಿಸಿಲು ಕಾಯುತ್ತಿತ್ತು. ಯಾವ ಊರೆಂದು ಹುಡುಕಲು ಅವಳು ನಕ್ಷೆ ಎಳೆದುಕೊಂಡಳು.