ನೆಗ್ಗು ತೆಗೆಯದ ಟೊಪ್ಪಿಗೆಗಳು

ಯಾರೇ ಎದುರಾಗಲಿ, ಹುಸೇನಸಾಬನ ದೃಷ್ಟಿ ಮೊದಲು ಬೀಳುತ್ತಿದ್ದದ್ದು ಅವರ ತಲೆಯ ಮೇಲೆ. ಮುಖ ಆಮೇಲೆ, ಸಲಾಮು ಅದಕ್ಕೂ ಆಮೇಲೆ. ಅಪ್ಪನ ಸುತ್ತಿಗೆಯ ಪಕ್ಕದಲ್ಲೇ ಬೆಳೆದು ಎಡಗಿವಿ ಮಂದವಾಗಿದ್ದರಿಂದ ಬಲಗಿವಿಯನ್ನು ಲೋಕಕ್ಕೆ ಒಡ್ಡಿಕೊಂಡು, ಮೇ ತಿಂಗಳ ಸೆಕೆಯಲ್ಲೂ ಮಿಲಿಟರಿಯ ಹಳೆಯ ಉಣ್ಣೆಕೋಟು ತೊಟ್ಟು, ಗೋವಾದ ವಾಸ್ಕೋದಲ್ಲಿ ಮಂಗೋರ್ ಹಿಲ್ಲಿನ ಏರನ್ನು ಕವಾಯತಿನ ಹೆಜ್ಜೆಯಲ್ಲಿ ಹತ್ತಿಬರುತ್ತಿದ್ದ ಆ ಕುಳ್ಳ ಮನುಷ್ಯನನ್ನು ಎಂಬತ್ತರ ದಶಕದಲ್ಲಿ ಅಲ್ಲಿ ಬದುಕಿದ ಯಾವ ಕನ್ನಡಿಗನೂ ಮರೆತಿರಲಾರ.

"ಸೆಕಿ ಆಗೂದಿಲ್ಲೇನ್ರಿ ಸಾಬರ?" ಎಂದು ಕೆಣಕಿದರೆ, "ಸಿಪಾಯಿಗೆ ಎಲ್ಲೀ ಸೆಕಿರೀ?" ಎನ್ನುತ್ತಿದ್ದ.

ಸಿಪಾಯಿ! ಪಾಪ, ಒಂದು ದಿನವೂ ಆಗಿದ್ದವನಲ್ಲ. ಬೆಳಗಾವಿಯ ಸೈನ್ಯಭರ್ತಿಯಲ್ಲಿ ಆ ಎಡಗಿವಿಯ ದೆಸೆಯಿಂದಲೇ ಹೊರಬಿದ್ದು, ಗೋವಾಕ್ಕೆ ಬಂದು ಅಪ್ಪನ ಕಲಾಯಿ ಕಸುಬನ್ನೇ ಹಿಡಿದವನು.

ಪಾತ್ರೆಗಳಿಗೆ ತವರ ಬಳಿಯುವುದು, ನೆಗ್ಗಿದ್ದನ್ನು ಬಡಿದು ಸಮ ಮಾಡುವುದು, ಇದು ಅವನ ಅನ್ನ. ಆದರೆ ಮನೆಯ ಗೋಡೆಯಲ್ಲಿ ಮೊಳೆಗಳ ಸಾಲು. ಒಂದೊಂದಕ್ಕೂ ಯುದ್ಧದಲ್ಲಿ ಪೆಟ್ಟು ತಿಂದ ಒಂದೊಂದು ಉಕ್ಕಿನ ಶಿರಸ್ತ್ರಾಣ. ಶಿರಸ್ತ್ರಾಣವೆಂಬುದು ನಮ್ಮ ಮಾತಾಯಿತು, ಅವನ ಬಾಯಲ್ಲಿ ಅದು ಬರೀ ಟೊಪಗಿ. ಊರಿನ ನೆಗ್ಗನ್ನೆಲ್ಲ ತೆಗೆಯುವವನು ಅವುಗಳ ನೆಗ್ಗನ್ನು ಮಾತ್ರ ತೆಗೆಯುತ್ತಿರಲಿಲ್ಲ. ಕತೆಯಿಲ್ಲದ ಟೊಪ್ಪಿಗೆಯನ್ನು ಪುಕ್ಕಟೆ ಕೊಟ್ಟರೂ ಒಲ್ಲ. ಕತೆಯಿದ್ದರೆ ಮನೆಯ ಪರಾತವನ್ನೇ ಕೊಟ್ಟು ತಂದಾನು. "ಹಿಟ್ಟ ನಾದಾಕ ಪರಾತ ಇಲ್ಲ, ಸತ್ತವರ ಟೊಪಗಿ ಮಾತ್ರ ಸಾಲು ಹಚ್ಚ್ಯಾವ" ಎಂದು ಹೆಂಡತಿ ಜೈನಬ ಗೊಣಗುತ್ತಲೇ ಅವುಗಳ ಧೂಳು ಒರೆಸುತ್ತಿದ್ದಳು.

ನೆಗ್ಗಿನ ಮೇಲೆ ಬೆರಳಾಡಿಸುತ್ತ ಅವನು ಕತೆ ಹೇಳಬೇಕು, ನಾವು ಕೇಳಬೇಕು. ಅಂಚು ಸೀಳಿದ್ದೊಂದು ಪೋರ್ತುಗೀಜ ಸಿಪಾಯಿಯದು, ಕೊರ್ಲಿಮ್ ಕಡೆಯ ಮನೆಯೊಂದರಲ್ಲಿ ಕೋಳಿಗಳಿಗೆ ನೀರಿಡುವ ಪಾತ್ರೆಯಾಗಿತ್ತು. ಅರವತ್ತೊಂದರಲ್ಲಿ ಪೋರ್ತುಗೀಜರು ಸೋತಾಗ ಅದನ್ನು ಹಿತ್ತಲಲ್ಲಿ ಎಸೆದ ಆ ಎಳೆಯ ಸಿಪಾಯಿ ಮನೆಯವರಿಂದ ಹಳೇ ಅಂಗಿ ಬೇಡಿ ತೊಟ್ಟು, ಅಳುತ್ತ ಹೊಳೆಯ ದಾರಿ ಹಿಡಿದನಂತೆ. ಇನ್ನೊಂದು, ವೆರ್ಣಾದ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದ ಮಾಜಿ ಹವಾಲ್ದಾರನೊಬ್ಬನದು. ಎಪ್ಪತ್ತೊಂದರ ಲಡಾಯಿಯಲ್ಲಿ ಬೀಡಿ ಹೊತ್ತಿಸಲು ತಲೆ ಬಗ್ಗಿಸಿದಾಗ ಗುಂಡು ನೆತ್ತಿ ಸವರಿ ಹೋಗಿತ್ತು. "ಜೀವ ಉಳಿಸಿದ ಬೀಡಿ ಹೆಂಗ ಬಿಡ್ಲಿ?" ಎಂದು ಕೆಮ್ಮುತ್ತಲೇ ಕೇಳುತ್ತಿದ್ದನಂತೆ ಆ ಪುಣ್ಯಾತ್ಮ.

ಇಂಥ ಹುಸೇನಸಾಬನ ಹಟ ಮುರಿದವಳು ಧಾಮಿಬಾಯಿ. ಕಟ್ಟಡಗಳಲ್ಲಿ ಗಾರೆಯ ಬುಟ್ಟಿ ಹೊರುವವಳು. ಮಗ ಖೀರಪ್ಪ ಲಂಕೆಗೆ ಹೋದ ಶಾಂತಿಪಡೆಯಲ್ಲಿ ಸತ್ತಿದ್ದ. ಜೊತೆಯ ಸಿಪಾಯಿಯೊಬ್ಬ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಮುಚ್ಚಿ ತಂದುಕೊಟ್ಟ ಮಗನ ಟೊಪ್ಪಿಗೆಯನ್ನು ತೊಂಬತ್ತರ ಸುಮಾರಿಗೆ ಒಂದು ಬೆಳಿಗ್ಗೆ ಸೆರಗಿನಲ್ಲಿ ಸುತ್ತಿ ತಂದಳು. ಬಲಗಡೆ ಮುಷ್ಟಿಯಷ್ಟು ನೆಗ್ಗಿತ್ತು. ಹುಸೇನಸಾಬ ಮಾತಿಗೂ ಮುಂಚೆ ಹೊಸ ಮೊಳೆ ಹೊಡೆದ.

"ಕೊಡಾಕ ಬಂದಿಲ್ಲೋ ಅಣ್ಣಾ. ಇದರ ನೆಗ್ಗ ತಗದ ಕೊಡು."

"ಅದೊಂದ ಕೇಳಬ್ಯಾಡ ತಂಗೀ. ನಿನ್ನ ಮಗ ಏನ ತಾಳಿಕೊಂಡ ಅನ್ನೂದನ್ನ ನನ್ನ ಕೈಲೆ ಅಳಸ್ಲೇನು?"

"ನಿನಗ ಅದು ಕತಿ. ನನಗ ಅದು ಅವನ ತಲಿ. ಒಳಗ ಕೈ ಹಾಕಿ ನೋಡು, ಇನ್ನೂ ಒತ್ತಾಕತ್ತೈತಿ."

ಅವನು ಕೈ ಹಾಕಿದ. ಇಷ್ಟು ವರ್ಷ ಪ್ರತಿ ನೆಗ್ಗನ್ನೂ ಹೊರಗಿನಿಂದಲೇ ಸವರಿ ಕತೆ ಹೇಳಿದ್ದ. ಹೊರಗೆ ತಗ್ಗಾದದ್ದು ಒಳಗೆ ಉಬ್ಬಾಗಿ, ತಲೆಯಿರಬೇಕಾದಲ್ಲಿ ಅಂಗೈಯನ್ನು ಒತ್ತಿತು. ಹುಸೇನಸಾಬ ಕೋಟು ಬಿಚ್ಚಿಟ್ಟ; ಅವನನ್ನು ಕೋಟಿಲ್ಲದೆ ನಾವು ಕಂಡದ್ದು ಅದೇ ಮೊದಲು. ತಾಮ್ರದಂತೆ ಹೇಳಿದ ಮಾತು ಕೇಳುವ ಲೋಹವಲ್ಲ ಉಕ್ಕು. ಇದ್ದಿಲು ಉರಿಸಿ, ಕಾಯಿಸಿ, ಒಳಗಿನಿಂದ ಬಡಿಯುತ್ತ ಕುಳಿತವನು ಹೊತ್ತು ಇಳಿಯುವವರೆಗೆ ಏಳಲಿಲ್ಲ. ಬೆವರೋ ಕಣ್ಣೀರೋ, ಒರೆಸಿಕೊಳ್ಳಲೂ ಇಲ್ಲ.

ಆರಿದ ಟೊಪ್ಪಿಗೆಯೊಳಗೆ ಧಾಮಿಬಾಯಿ ಅಂಗೈ ಇಟ್ಟು ಸುತ್ತಲೂ ಸವರಿದಳು. "ಈಗ ಮಲಗ್ತಾನ" ಎಂದಳು. ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಇಳಿಜಾರಿನಲ್ಲಿ ಇಳಿದುಹೋದಳು.

ಆ ಹೊಸ ಮೊಳೆ ಅವನ ಕೊನೆಯವರೆಗೂ ಖಾಲಿಯೇ ಇತ್ತು. ಯಾರದೆಂದು ಕೇಳಿದರೆ, "ಅದು ಅವರವ್ವನ ಕಡೆ ಐತ್ರಿ" ಎನ್ನುತ್ತಿದ್ದ. ಈಗ ಸ್ಟೀಲ್ ಪಾತ್ರೆಗಳ ಕಾಲ, ಕಲಾಯಿಯ ಕೂಗು ಆ ಏರಿನಲ್ಲಿಲ್ಲ. ತಾವು ಕಾಣದ ಯುದ್ಧದ ಗಾಯಗಳನ್ನು ಜೋಪಾನ ಮಾಡುವ ಇಂಥವರನ್ನು ನಾವು ಮರುಳರೆಂದು ನಕ್ಕಿದ್ದುಂಟು. ಆದರೆ ಒಳಗೆ ಕೈಯಿಟ್ಟು ನೋಡಿದ ದಿನ ಈ ಮರುಳರು ಸತ್ತವರಿಗೆ ನೆಂಟರಾಗುತ್ತಾರೆ. ನಕ್ಕ ನಾವು ಹೊರಗೇ ಉಳಿಯುತ್ತೇವೆ.